ವಿಮಾನಕ್ಕೊಂದು ಕಣ ಬೇಡವೇ?

"ಹೆಂಗಸರ ಕೈಯಾಗ ವಿಮಾನ ಕೊಟ್ಟ ಮ್ಯಾಲ ಇನ್ನೇನ್ ಆಗ್ತದ್ರಿ?"

ಈ ಮಾತನ್ನು ನಾನು ಒಂದೇ ತಿಂಗಳಲ್ಲಿ ಮೂರು ತಾಲೂಕುಗಳಲ್ಲಿ ಕೇಳಿದೆ. ಮೊದಲು ಜೇವರ್ಗಿ ತಾಲೂಕಿನ ಒಂದು ಹಳ್ಳಿಯಲ್ಲಿ, ಹನುಮಂತ ದೇವರ ಕಟ್ಟೆಯ ಮೇಲೆ. ಆಮೇಲೆ ನನ್ನ ತವರಾದ ಅಫಜಲಪುರದ ಕಡೆ ಹೋಗುವ ಬಸ್ಸಿನಲ್ಲಿ. ಕಡೆಗೆ ಆಳಂದದಲ್ಲಿ, ನಾನು ಕೆಲಸ ಮಾಡುವ ಶಾಲೆಯ ಸ್ಟಾಫ್ ರೂಮಿನಲ್ಲೇ, ವಿಜ್ಞಾನ ಕಲಿಸುವ ಮೇಷ್ಟ್ರ ಬಾಯಿಂದ. ಮೊದಲ ಎರಡು ಸಲ ಸುಮ್ಮನಿದ್ದೆ. ಮೂರನೆಯ ಸಲ ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟು, "ಸರ್, ಮ್ಯಾಲಿಂದ ಬೀಳೋ ಕಲ್ಲು, ಎಸೆದ ಕೈ ಗಂಡೋ ಹೆಣ್ಣೋ ಅಂತ ಕೇಳಿ ಬೀಳ್ತದೇನ್ರಿ?" ಎಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ. ಅಂದಿನಿಂದ ಈ ಬರಹ ಹೊಟ್ಟೆಯೊಳಗೆ ಕುಳಿತಿತ್ತು.

ವಿಮಾನ ಎಂದರೆ ಇಲ್ಲಿ ಡ್ರೋನು. ನಮ್ಮ ಕಡೆ ಹಳ್ಳಿಯ ಮುದುಕಿಯರು ಅದನ್ನು ವಿಮಾನವೆಂದೇ ಕರೆಯುತ್ತಾರೆ. ಅವರು ಕರೆಯುವುದು ಸರಿಯಾಗಿಯೂ ಇದೆ, ಸರಕಾರದ ಕಾನೂನಿನಲ್ಲೂ ಅದು ವಿಮಾನವೇ. ಪೇಟೆಯಲ್ಲಿರುವ ಓದುಗರು ಮದುವೆಮನೆಯಲ್ಲಿ ಫೋಟೋ ತೆಗೆಯುವ ಅಂಗೈಯಗಲದ ಡ್ರೋನನ್ನು ನೋಡಿರುತ್ತೀರಿ. ಹೊಲಕ್ಕೆ ಎಣ್ಣೆ ಹೊಡೆಯುವ ಡ್ರೋನು ಅದಲ್ಲ. ಹತ್ತು ಲೀಟರ್ ಔಷಧ ತುಂಬಿದ ಮೇಲೆ ಅದರ ತೂಕ ಸುಮಾರು ಇಪ್ಪತ್ತೈದು ಕಿಲೋ, ಒಂದು ಅರ್ಧ ಚೀಲ ಸಿಮೆಂಟಿನಷ್ಟು. ಅದರ ಒಂದೊಂದು ಪಂಖಾ ಮೊಳಕ್ಕಿಂತ ಉದ್ದ. ತಿರುಗುವಾಗ ಕಣ್ಣಿಗೆ ಕಾಣುವುದಿಲ್ಲ, ತಾಗಿದಾಗಲೇ ಗೊತ್ತಾಗುವುದು.

ಇದು ನಮ್ಮ ಹೊಲಕ್ಕೆ ಏಕೆ ಬಂತು ಎಂದು ಕೇಳಿದರೆ ತೊಗರಿಯ ಮಾತು ಹೇಳಬೇಕು. ನೀವು ಕುಕ್ಕರಿಗೆ ಹಾಕುವ ಬೇಳೆಗೆ 2019ರಲ್ಲಿ 'ಕಲಬುರಗಿ ತೊಗರಿ ಬೇಳೆ' ಎಂಬ ಭೌಗೋಳಿಕ ಗುರುತು ಸಿಕ್ಕಿತು. ಡಬ್ಬಿಗೆ ಬರುವ ಮೊದಲು ಆ ಬೇಳೆ ಎರೆ ಹೊಲದಲ್ಲಿ ಆಳೆತ್ತರ ನಿಂತಿರುತ್ತದೆ. ಹೂವು ಹೋಗಿ ಕಾಯಿ ಕಟ್ಟುವ ಹೊತ್ತಿಗೆ ಕಾಯಿಕೊರಕ ಹುಳ ಬೀಳುತ್ತದೆ. 1997–98ರ ಸಾಲಿನಲ್ಲಿ ಆ ಹುಳ ತೊಗರಿಯನ್ನು ತಿಂದದ್ದು ನನ್ನ ವಯಸ್ಸಿನವರಿಗೆ ಮರೆಯುವಂತಿಲ್ಲ. ಆಗ ನಾನು ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಯಾವ ಎಣ್ಣೆಗೂ ಹುಳ ಸಾಯದೆ ಹೋದಾಗ ಹೆಣ್ಣುಮಕ್ಕಳು ಸಾಲಿನ ನಡುವೆ ಬಟ್ಟೆ ಹಿಡಿದು, ಗಿಡ ಅಲ್ಲಾಡಿಸಿ ಹುಳ ಉದುರಿಸಿ ಆರಿಸಿದರು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಹೊಲಗಟ್ಟಲೆ ಹುಳ ಆರಿಸಿದ ಕೈಗಳವು. ಔಷಧ ಹೊಡೆಯುವುದಾದರೂ ಸುಲಭವೇ? ಬೆನ್ನಿಗೆ ಪಂಪು ಕಟ್ಟಿಕೊಂಡು, ತನಗಿಂತ ಎತ್ತರದ ಗಿಡಕ್ಕೆ ಮೇಲ್ಮುಖವಾಗಿ ಹೊಡೆದರೆ ಅರ್ಧ ಗಿಡಕ್ಕೆ, ಅರ್ಧ ಮುಖಕ್ಕೆ. ಪಂಪು ಹೊತ್ತವನು ಗಂಡಸಾದರೆ, ದೂರದ ಬಾವಿಯಿಂದ ಕೊಡ ಹೊತ್ತು ನೀರು ತಂದು ಔಷಧ ಕಲಸಿಕೊಡುವವಳು ಹೆಂಗಸು. ಸಂಜೆ ಅದೇ ಕೈಯಲ್ಲಿ ರೊಟ್ಟಿ ಬಡಿಯಬೇಕು.

ಹಾಗಾಗಿ ನಾನು ಡ್ರೋನಿನ ವೈರಿಯಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹೆಂಗಸು ಯಂತ್ರದ ಬಗ್ಗೆ ಬಾಯಿ ತೆರೆದರೆ "ಹಳೇ ಕಾಲದಾಕಿ" ಎನ್ನುವವರು ತಯಾರಾಗಿಯೇ ಇರುತ್ತಾರೆ. 2023ರ ನವೆಂಬರ್ 30ರಂದು ಕೇಂದ್ರ ಸರಕಾರ ನಮೋ ಡ್ರೋನ್ ದೀದಿ ಎಂಬ ಯೋಜನೆ ಶುರು ಮಾಡಿತು. 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನು, ಅದಕ್ಕೆ 1,261 ಕೋಟಿ ರೂಪಾಯಿ, ಬೆಲೆಯ ಶೇಕಡಾ 80ರಷ್ಟು, ಹೆಚ್ಚೆಂದರೆ 8 ಲಕ್ಷದವರೆಗೆ ಸಹಾಯಧನ, ಸಂಘದ ಒಬ್ಬ ಸದಸ್ಯೆಗೆ 15 ದಿನಗಳ ತರಬೇತಿ. ಪೇಪರಿನಲ್ಲಿ ಇದನ್ನು ಓದಿದ ದಿನ ನಾನೇ ಕತ್ತರಿಸಿ ತರಗತಿಯ ಗೋಡೆಗೆ ಅಂಟಿಸಿದ್ದೆ. ನನ್ನ ತಂಗಿಯ ಮಗಳು ಜೇವರ್ಗಿ ತಾಲೂಕಿನ ಸೊಸೆ, ಹತ್ತನೇ ತರಗತಿ ಫಸ್ಟ್ ಕ್ಲಾಸು. ಡ್ರೋನು ಹಾರಿಸುವ ತರಬೇತಿಗೆ ಅವಳ ಅರ್ಜಿ ತುಂಬಿದವಳೂ ನಾನೇ. ಅವಳಿಗೆ ಡ್ರೋನು ಯಾವ ಬಾಗಿಲಿನಿಂದ ಬಂತು, ಯಾವ ಕಂಪನಿಯದು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಜಗಳ ಒಂದು ಬಾಗಿಲಿನೊಂದಿಗೆ ಅಲ್ಲ.

2024ರ ಕಾರ್ತಿಕ ಮಾಸ. ಶನಿವಾರ ಮಧ್ಯಾಹ್ನ, ಶಾಲೆ ಬಿಟ್ಟು ಹುಡುಗರೆಲ್ಲ ಹೊಲಕ್ಕೆ ಓಡಿ ಬಂದಿದ್ದರು. ಎರಡೂ ಕಡೆ ತಲೆ ಮೀರಿದ ತೊಗರಿ, ನಡುವೆ ಬಂಡಿ ದಾರಿ. ಡ್ರೋನು ಏರಿಸಿ ಇಳಿಸಲು ಅವಳಿಗೆ ಸಿಕ್ಕ ಜಾಗ ಅದೊಂದೇ. ನಮ್ಮ ಎರೆ ಮಣ್ಣು ಕಾರ್ತಿಕದ ಹೊತ್ತಿಗೆ ಒಣಗಿ ಬಿರುಕು ಬಿಡುತ್ತದೆ. ಕೆಲವು ಬಿರುಕಿನಲ್ಲಿ ಕೈ ಇಟ್ಟರೆ ಮೊಣಕೈವರೆಗೆ ಹೋಗುತ್ತದೆ. ಡ್ರೋನಿನ ಕಾಲು ಬಿರುಕಿಗೆ ಸಿಗದಿರಲಿ, ಧೂಳು ಏಳದಿರಲಿ ಎಂದು ಅವಳು ತಾಡಪತ್ರಿ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟಿದ್ದಳು. ಆ ದಿನದ ಹದಿನೇಳನೆಯ ಇಳಿತ. ನೋಡಲು ಬಂದ ಯಾವ ಹುಡುಗ ಯಾವಾಗ ಒಂದು ಕಲ್ಲು ಸರಿಸಿದನೋ ಯಾರಿಗೂ ಗೊತ್ತಿಲ್ಲ. ಡ್ರೋನು ಎರಡಾಳು ಎತ್ತರಕ್ಕೆ ಬಂದಾಗ ಅದರ ಗಾಳಿಗೆ ತಾಡಪತ್ರಿಯ ಆ ಮೂಲೆ ಪಟಪಟ ಎಂದು ಎದ್ದಿತು. ಕೊಡ ಹೊತ್ತು ನಿಂತಿದ್ದ ಅವಳ ಅತ್ತೆ, ಸೊಸೆಯ ವಿಮಾನಕ್ಕೆ ಏನಾದರೂ ಆದೀತೆಂದು, ಕೊಡ ಇಳಿಸಿ ಓಡಿ ಹೋಗಿ ಆ ಮೂಲೆಯನ್ನು ಕಾಲಿನಿಂದ ತುಳಿದಳು.

ಮುಂದಿನದು ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ತಾಡಪತ್ರಿಯ ಅಂಚು ಪಂಖಾಕ್ಕೆ ಸಿಕ್ಕಿತು, ಡ್ರೋನು ಒಂದು ಮಗ್ಗುಲಿಗೆ ಮಗುಚಿತು, ಪಂಖಾ ನೆಲಕ್ಕೆ ಬಡಿದು ಮುರಿಯಿತು, ಮುರಿದ ಚೂರು ಆ ಹಿರಿಯಳ ಮೀನಖಂಡ ಸೀಳಿತು. ಟಾಕಿಯಲ್ಲಿ ಉಳಿದಿದ್ದ ಔಷಧ ಅವಳ ಸೀರೆಯ ಮೇಲೆ. ಹನ್ನೊಂದು ಹೊಲಿಗೆ ಬಿದ್ದವು.

ಸುದ್ದಿ ಕೇಳಿ ಆಳಂದದಿಂದ ಎರಡು ಬಸ್ಸು ಬದಲಿಸಿ ಹೋದೆ. ಹುಡುಗಿ ಆಸ್ಪತ್ರೆಯ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ನಾನು ಆಡಿದ ಮೊದಲ ಮಾತು ಏನು ಗೊತ್ತೇ? "ನೋಡ್ಕೊಂಡು ಇಳಸಬಾರ್ದಿತ್ತೇನವ್ವಾ?" ಅವಳು ನನ್ನ ಮುಖ ನೋಡಲಿಲ್ಲ. ನೆಲ ನೋಡುತ್ತಲೇ, "ದೊಡ್ಡವ್ವ, ಬ್ಯಾಟರಿ ಕೂಗ್ಲಾಕ ಹತ್ತಿತ್ತು. ಮ್ಯಾಲೇ ಹಿಡದ್ರ ಅಲ್ಲೇ ಸತ್ತು ಬೀಳ್ತಿತ್ತು. ಇಳಸ್ಲೇಬೇಕಿತ್ತು. ಮತ್ತೊಂದ್ ಕಡಿ ಇಳಸ್ಬೇಕಂದ್ರ ಜಾಗ ಎಲ್ಲಿತ್ತು?" ಎಂದಳು. ಹನುಮಂತ ದೇವರ ಕಟ್ಟೆಯ ಮೇಲಿನ ಗಂಡಸರು ಆಡಿದ್ದಕ್ಕೂ ನಾನು ಆಡಿದ್ದಕ್ಕೂ ಏನು ವ್ಯತ್ಯಾಸವಿತ್ತು? ಮಾತಿನ ಧಾಟಿ ಬೇರೆ, ಅಷ್ಟೆ.

ಕಂಪನಿಯವರು ಫೋನಿನಲ್ಲೇ ತೀರ್ಪು ಕೊಟ್ಟರು: "ಪೈಲಟ್ ಎರರ್, ಮೇಡಂ." ವಿಮೆಯವರು ಎರಡು ಪ್ರಶ್ನೆ ಕೇಳಿದರು. ಇಳಿಸುವ ಜಾಗ ಸಮತಟ್ಟಾಗಿತ್ತೇ? ಸುತ್ತ ಜನರಿದ್ದರೇ? ನಿಜ ಹೇಳಿದರೆ ದುಡ್ಡಿಲ್ಲ, ಸುಳ್ಳು ಹೇಳಿದರೆ ಹುಡುಗಿಗೆ ನಿದ್ದೆಯಿಲ್ಲ. ಅವಳು ನಿಜ ಹೇಳಿದಳು. ನಾನೇ ಕಲಿಸಿದ್ದು.

ಆ ಹದಿನೇಳು ಎಂಬ ಸಂಖ್ಯೆ ಆಮೇಲೆ ನನ್ನ ತಲೆಯಿಂದ ಹೋಗಲಿಲ್ಲ. ಬೆಂಗಳೂರಿಗೆ ವಿಮಾನದಲ್ಲಿ ಹೋಗುವವರನ್ನು ನೋಡಿ. ಒಂದು ಸಲ ಏರುತ್ತಾರೆ, ಒಂದು ಸಲ ಇಳಿಯುತ್ತಾರೆ. ಆ ಒಂದು ಇಳಿತಕ್ಕಾಗಿ ಮೂರು ಕಿಲೋಮೀಟರಿಗೂ ಉದ್ದದ ರನ್‌ವೇ ಕಟ್ಟುತ್ತಾರೆ. 2019ರ ನವೆಂಬರ್ 22ರಂದು ಉದ್ಘಾಟನೆಯಾದ ನಮ್ಮ ಕಲಬುರಗಿ ವಿಮಾನ ನಿಲ್ದಾಣದಲ್ಲಿ ಅಷ್ಟು ಉದ್ದದ್ದು ಇದೆ. ಸುತ್ತ ಬೇಲಿ, ಬೆಂಕಿ ಆರಿಸುವ ಗಾಡಿ, ಗಾಳಿಯ ದಿಕ್ಕು ತೋರಿಸುವ ಚೀಲ, ನಾಯಿ ನುಗ್ಗದಂತೆ ಕಾವಲು. ಎಣ್ಣೆ ಹೊಡೆಯುವ ಡ್ರೋನಿನ ಲೆಕ್ಕ ಬೇರೆ. ಹತ್ತು ಲೀಟರ್ ಎಂದರೆ ಹೆಚ್ಚು ಕಡಿಮೆ ಒಂದು ಎಕರೆ. ಟಾಕಿ ಖಾಲಿ, ಬ್ಯಾಟರಿಯೂ ಖಾಲಿ, ಇಳಿ. ತುಂಬು, ಏರು, ಮತ್ತೆ ಇಳಿ. ಇಪ್ಪತ್ತು ಎಕರೆ ಮುಗಿಸಿದರೆ ಇಪ್ಪತ್ತು ಇಳಿತ. ಒಂದು ಹಂಗಾಮಿನಲ್ಲಿ ನನ್ನ ತಂಗಿಯ ಮಗಳು ಇಳಿಸಿದಷ್ಟು ಸಲ ದೊಡ್ಡ ವಿಮಾನದ ಪೈಲಟ್ ವರ್ಷವೆಲ್ಲ ಹಾರಿದರೂ ಇಳಿಸಲಾರ. ಕೃಷಿ ವಿಮಾನದ ಕೆಲಸವೆಂದರೆ ಹಾರುವ ಕೆಲಸ ಎಂದು ಹೊರಗಿನವರು ತಿಳಿಯುತ್ತಾರೆ. ಅದು ಇಳಿಯುವ ಕೆಲಸ. ಎಲ್ಲಕ್ಕಿಂತ ಹೆಚ್ಚು ಸಲ ಇಳಿಯುವ ಈ ವಿಮಾನಕ್ಕೆ ಇಳಿಯಲು ಕೊಟ್ಟ ಜಾಗ ಬಂಡಿ ದಾರಿ.

ಇಳಿಯುವಾಗ ಏನೇನು ತಪ್ಪಬಹುದು ಎಂದು ಅವಳನ್ನೇ ಕೂರಿಸಿಕೊಂಡು ಕೇಳಿದೆ. ಎಷ್ಟೊಂದು ಹೇಳಿದಳು! ನೆಲ ಓರೆಯಾಗಿದ್ದರೆ ಮಗುಚುತ್ತದೆ. ಟಾಕಿಯಲ್ಲಿ ಅರ್ಧ ಔಷಧ ಉಳಿದಿದ್ದರೆ ಅದು ತುಳುಕಿ ತೂಕ ತಪ್ಪುತ್ತದೆ. ಧೂಳು ಎದ್ದರೆ ನೆಲ ಎಷ್ಟು ದೂರವಿದೆಯೆಂದು ಯಂತ್ರಕ್ಕೇ ತಿಳಿಯುವುದಿಲ್ಲ. ಹತ್ತಿರ ಟ್ರ್ಯಾಕ್ಟರೋ ತಗಡಿನ ರಾಶಿಯೋ ಇದ್ದರೆ ಅದರ ದಿಕ್ಸೂಚಿ ಗೊಂದಲಕ್ಕೆ ಬೀಳುತ್ತದೆ. ಬ್ಯಾಟರಿ ಇಳಿದಾಗ ತಾನಾಗಿ ಏರಿದ ಜಾಗಕ್ಕೆ ಹಿಂತಿರುಗುವ ಬುದ್ಧಿ ಅದಕ್ಕೆ ಕೊಟ್ಟಿದ್ದಾರೆ, ಆದರೆ ದಾರಿಯಲ್ಲಿ ಪಂಪ್‌ಸೆಟ್ಟಿನ ಜೋತುಬಿದ್ದ ತಂತಿ ಇದೆಯೆಂಬ ಬುದ್ಧಿ ಕೊಟ್ಟಿಲ್ಲ. ನೆಲಕ್ಕೆ ಬಡಿದು ಜಜ್ಜಿದ ಬ್ಯಾಟರಿ ಹೊತ್ತಿಕೊಳ್ಳುವುದೂ ಉಂಟು. ಅಫಜಲಪುರದ ಕಡೆ ಭೀಮಾ ದಂಡೆಯ ಕಬ್ಬಿನ ಹೊಲಗಳಲ್ಲಂತೂ ಒಳಗೆ ಹೊಕ್ಕರೆ ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ, ಇಳಿಸುವುದು ಎಲ್ಲಿ? ಇಷ್ಟೆಲ್ಲ ಹೇಳಿದ ಹುಡುಗಿಯನ್ನು ಅಜಾಗರೂಕಳು ಎನ್ನುವವರು, ಆ ಕಟ್ಟೆಯಿಂದ ಎದ್ದು ಒಮ್ಮೆ ಬಂಡಿ ದಾರಿಯಲ್ಲಿ ನಿಂತು ನೋಡಲಿ.

ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಇತಿಹಾಸ ಓದಿದವಳ ಚಟ, ಸಹಿಸಿಕೊಳ್ಳಿ. ವಿಮಾನದಿಂದ ಬೆಳೆಗೆ ಔಷಧ ಉದುರಿಸುವ ಕೆಲಸ ಶುರುವಾದದ್ದು 1921ರ ಆಗಸ್ಟ್ 3ರಂದು, ಅಮೆರಿಕದ ಓಹಾಯೋ ರಾಜ್ಯದಲ್ಲಿ. ಜಾನ್ ಮೆಕ್ರೆಡಿ ಎಂಬ ಸೈನ್ಯದ ಪೈಲಟ್ ಹುಳ ಹತ್ತಿದ ಮರಗಳ ಮೇಲೆ ಸೀಸದ ಪಾಷಾಣದ ಪುಡಿ ಉದುರಿಸಿದ. ಆಮೇಲೆ ಸೈನ್ಯ ಕೈಬಿಟ್ಟ ಹಳೆಯ ವಿಮಾನಗಳಿಗೆ ಔಷಧದ ಪೆಟ್ಟಿಗೆ ಕಟ್ಟಿ ಹೊಲದಂಚಿನ ಪಟ್ಟಿಗಳಿಂದ ಹಾರಿಸಿದರು. ದಿನಕ್ಕೆ ಹತ್ತಾರು ಸಲ ಏರಿ ಇಳಿದು, ದಣಿದು, ತಂತಿಗೆ ಸಿಕ್ಕಿ, ಉಬ್ಬು ನೆಲಕ್ಕೆ ಬಡಿದು ಪೈಲಟ್‌ಗಳು ಸತ್ತರು. ಆಗ ಅಲ್ಲಿಯೂ "ಅವನಿಗೆ ಹಾರಿಸಲು ಬರುತ್ತಿರಲಿಲ್ಲ" ಎಂದವರು ಇದ್ದೇ ಇರಬೇಕು. ಆದರೆ 1950ರಲ್ಲಿ ಫ್ರೆಡ್ ವೀಕ್ ಎಂಬ ಎಂಜಿನಿಯರು ಟೆಕ್ಸಾಸಿನಲ್ಲಿ ಬೇರೆ ರೀತಿ ಯೋಚಿಸಿದ. ಈ ಕೆಲಸದಲ್ಲಿ ವಿಮಾನ ಎಂದಾದರೂ ಬಿದ್ದೇ ಬೀಳುತ್ತದೆ, ಬಿದ್ದಾಗ ಒಳಗಿನ ಮನುಷ್ಯ ಉಳಿಯುವಂತೆ ಕಟ್ಟೋಣ ಎಂದ. ಔಷಧದ ಟಾಕಿಯನ್ನು ಪೈಲಟನ ಮುಂದೆ ಇಟ್ಟ, ಬಿದ್ದಾಗ ಭಾರ ಅವನ ಬೆನ್ನಿಗೆ ಬಂದು ಜಜ್ಜಬಾರದೆಂದು. ಅವನನ್ನು ಎತ್ತರದಲ್ಲಿ ಕೂರಿಸಿದ, ನೆಲ ಚೆನ್ನಾಗಿ ಕಾಣಲೆಂದು. ಸುತ್ತ ಗಟ್ಟಿ ಗೂಡು ಕಟ್ಟಿದ. ಆಮೇಲಿನ ಕೃಷಿ ವಿಮಾನಗಳೆಲ್ಲ ಬಹುಪಾಲು ಅದೇ ಬುದ್ಧಿಯ ಮಕ್ಕಳು. ನಮ್ಮ ಎಚ್.ಎ.ಎಲ್. ಸಂಸ್ಥೆಯೂ 'ಬಸಂತ್' ಎಂಬ ಒಂಟಿ ಆಸನದ ಕೃಷಿ ವಿಮಾನ ಮಾಡಿತ್ತು. 1972ರ ಮಾರ್ಚ್ 30ರಂದು ಮೊದಲು ಹಾರಿತು, 39 ತಯಾರಾದ ಮೇಲೆ 1980ರಲ್ಲಿ ನಿಂತುಹೋಯಿತು.

ಬೀಳುವುದನ್ನು ಒಪ್ಪಿಕೊಂಡು ಕಟ್ಟುವುದು ಎಂದರೆ ಅದು. ಅದೇ ವಿವೇಕ ಡ್ರೋನಿನ ಹೊತ್ತಿಗೆ ಎಲ್ಲಿ ಹೋಯಿತು? ನನಗೆ ಅನಿಸುವುದು ಹೀಗೆ. ಡ್ರೋನನ್ನು 'ಮಾನವರಹಿತ ವಿಮಾನ' ಎಂದು ಕರೆದರು. ಆ ಹೆಸರಿನಲ್ಲೇ ಮೋಸವಿದೆ. ಒಳಗೆ ಮನುಷ್ಯರಿಲ್ಲ, ಆದ್ದರಿಂದ ಬಿದ್ದರೆ ಯಾರೂ ಸಾಯುವುದಿಲ್ಲ ಎಂದು ಎಲ್ಲರೂ ನಂಬಿಕೊಂಡರು. ಒಳಗೆ ಇಲ್ಲ, ನಿಜ. ಹತ್ತು ಹೆಜ್ಜೆ ದೂರದಲ್ಲಿ ರಿಮೋಟ್ ಹಿಡಿದ ಹುಡುಗಿ ಇದ್ದಾಳೆ. ಅವಳ ಪಕ್ಕದಲ್ಲಿ ಕೊಡ ಹೊತ್ತ ಅತ್ತೆ ಇದ್ದಾಳೆ. ನೋಡಲು ಬಂದ ಹುಡುಗರಿದ್ದಾರೆ. ಗಂಡಸು ಒಳಗೆ ಕೂತಾಗ ಅವನ ಸುತ್ತ ಗೂಡು ಕಟ್ಟಿದ ಲೋಕ, ಹೆಂಗಸು ಹೊರಗೆ ನಿಂತಾಗ ಅವಳ ಸುತ್ತ ಒಂದು ಗೆರೆಯನ್ನೂ ಎಳೆಯಲಿಲ್ಲ.

ಕಾಗದದ ಮೇಲೆ ಎಳೆದಿದ್ದಾರೆ ಎನ್ನುತ್ತೀರಾ? ಹೌದು. 2021ರ ಆಗಸ್ಟ್‌ನಲ್ಲಿ ಡ್ರೋನ್ ನಿಯಮಗಳು ಬಂದವು. ಅದೇ ಡಿಸೆಂಬರ್‌ನಲ್ಲಿ ಕೃಷಿ ಇಲಾಖೆ ಡ್ರೋನಿನಿಂದ ಔಷಧ ಹೊಡೆಯುವ ಕ್ರಮ ಹೇಗಿರಬೇಕೆಂದು ಸೂಚನೆಗಳನ್ನೂ ಹೊರಡಿಸಿತು. ಕಾಗದ ಮತ್ತು ನೆಲ ಎರಡೂ ಒಂದೇ ಅಲ್ಲ ಎಂಬುದನ್ನು ನಮ್ಮ ಭಾಷೆಯವರೇ ಆದ ಕಾಸರಗೋಡಿನ ಜನ ಬಹಳ ದುಬಾರಿ ಬೆಲೆ ತೆತ್ತು ಕಲಿತಿದ್ದಾರೆ. ಅಲ್ಲಿನ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಬಾವಿಗಳನ್ನು ಮುಚ್ಚಿಕೊಳ್ಳಿ ಎಂಬ ಸೂಚನೆ ಅಲ್ಲಿಯೂ ಇತ್ತು. ಗುಡ್ಡದ ಊರಿನಲ್ಲಿ ಹರಿಯುವ ತೋಡು, ಸುರಂಗದ ನೀರು, ಕೊಟ್ಟಿಗೆಯ ದನ ಇವನ್ನು ಯಾವುದರಿಂದ ಮುಚ್ಚುವುದು? ಪಡ್ರೆ, ಸ್ವರ್ಗ ಕಡೆಯ ಮನೆಗಳಲ್ಲಿ ಹುಟ್ಟಿದ ಮಕ್ಕಳನ್ನು ಕಂಡು ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಕೂಗಿ ಹೇಳಿದರು, ಪತ್ರಕರ್ತ ಶ್ರೀ ಪಡ್ರೆ ಬರೆದರು, ಕೃಷಿ ಇಲಾಖೆಯಲ್ಲೇ ಕೆಲಸದಲ್ಲಿದ್ದ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ತಡೆದದ್ದು 2011ರ ಮೇ 13ರಂದು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದದ್ದು 2017ರ ಜನವರಿಯಲ್ಲಿ. ಹೆಲಿಕಾಪ್ಟರ್ ಕ್ಷೇಮವಾಗಿ ಇಳಿಯಿತೇ ಎಂಬುದೊಂದೇ ಲೆಕ್ಕವಾಗಿದ್ದರೆ ಅಷ್ಟೂ ವರ್ಷ ಏನೂ ಆಗಿಲ್ಲವೆಂದೇ ಬರೆಯಬಹುದಿತ್ತು. ನಮ್ಮ ತೊಗರಿ ಹೊಲದ ಹನ್ನೊಂದು ಹೊಲಿಗೆಯನ್ನು ಆ ದುಃಖದ ಪಕ್ಕದಲ್ಲಿ ಇಡುತ್ತಿಲ್ಲ, ಇಡುವ ಧೈರ್ಯ ನನಗಿಲ್ಲ. ಕೆಳಗೆ ನಿಂತವರನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಅಭ್ಯಾಸ ಮಾತ್ರ ಅದೇ ಹಳೆಯದು.

ಲೆಕ್ಕದ ಮಾತು ಬಂತು. ಡ್ರೋನು ಅಪಘಾತವಾದರೆ 48 ಗಂಟೆಯೊಳಗೆ ಪೈಲಟ್ ಸ್ವತಃ ವಿಮಾನಯಾನ ಇಲಾಖೆಗೆ ವರದಿ ಮಾಡಬೇಕೆಂದು ನಿಯಮ ಹೇಳುತ್ತದೆ. ನನ್ನ ತಂಗಿಯ ಮಗಳಿಗೆ ನಾನು ಇದನ್ನು ಓದಿ ಹೇಳಿದಾಗ ಅವಳು ಕೇಳಿದ್ದು: "ಬರದ್ರ ನನ್ನ ಸರ್ಟಿಫಿಕೇಟ್ ಕಸಗೊಂತಾರೇನು?" ನಾನು ಉತ್ತರ ಕೊಡಲಾಗಲಿಲ್ಲ. ಅವಳೊಂದಿಗೆ ತರಬೇತಿ ಪಡೆದ ಹೆಣ್ಣುಮಕ್ಕಳ ವಾಟ್ಸಾಪ್ ಗುಂಪಿನಲ್ಲಿ ಕೇಳಿಸಿದೆ. ಬೀಳಿಸಿದವರು ಇವಳೊಬ್ಬಳೇ ಅಲ್ಲ. ಒಬ್ಬಳದು ತಂತಿಗೆ ತಗುಲಿತ್ತು, ಒಬ್ಬಳದು ಒಡ್ಡಿನ ಮೇಲೆ ಮಗುಚಿತ್ತು. ವರದಿ ಮಾಡಿದವರು ಒಬ್ಬರೂ ಇಲ್ಲ. ಗಂಡನಿಗೆ ಹೇಳಿಲ್ಲದವಳೂ ಒಬ್ಬಳಿದ್ದಳು, ಮೂರು ತಿಂಗಳ ಬಾಡಿಗೆ ದುಡ್ಡಿನಲ್ಲಿ ಗುಟ್ಟಾಗಿ ರಿಪೇರಿ ಮಾಡಿಸಿದ್ದಳು. ಅಂತರರಾಷ್ಟ್ರೀಯ ವಿಮಾನಯಾನದ ಒಪ್ಪಂದದ ಹದಿಮೂರನೆಯ ಅನುಬಂಧದಲ್ಲಿ ಒಂದು ತತ್ವವಿದೆ. ಅಪಘಾತದ ತನಿಖೆ ಮಾಡುವುದು ಮತ್ತೊಂದು ಅಪಘಾತ ತಪ್ಪಿಸಲಿಕ್ಕೆ, ಯಾರ ಮೇಲೋ ತಪ್ಪು ಹೊರಿಸಲಿಕ್ಕಲ್ಲ. ದೊಡ್ಡ ವಿಮಾನಕ್ಕೆ ಒಪ್ಪಿಕೊಂಡ ಈ ಮಾತನ್ನು ತೊಗರಿ ಹೊಲದ ವಿಮಾನಕ್ಕೂ ಒಪ್ಪಿಕೊಂಡಿದ್ದರೆ ಆ ಹುಡುಗಿಯರೆಲ್ಲ ಬರೆಯುತ್ತಿದ್ದರು. ಬರೆದಿದ್ದರೆ, ತಾಡಪತ್ರಿ ಹಾಸಬೇಡಿರಿ, ಹಾಸಿದರೆ ಅಂಚು ಮಣ್ಣಿನಲ್ಲಿ ಹೂಳಿರಿ ಎಂಬ ಒಂದು ಸಾಲು ಎಲ್ಲ ಪೈಲಟ್‌ಗಳಿಗೂ ತಲುಪುತ್ತಿತ್ತು. ನಾಚಿಕೆ ಎಂಬುದು ಎಷ್ಟು ದುಬಾರಿ ನೋಡಿ.

ಕಲಬುರಗಿಯಲ್ಲಿರುವ ನನ್ನ ಗೆಳತಿಯೊಬ್ಬಳು, ಓದಿದವಳು, ಇದನ್ನೆಲ್ಲ ಕೇಳಿ, "ಹಂಗಾದ್ರ ಬ್ಯಾಡ ಬಿಡವ್ವ, ಗಂಡಸರೇ ಹಾರಸ್ಲಿ" ಎಂದಳು. ಪ್ರೀತಿಯಿಂದಲೇ ಅಂದಳು. ಆದರೆ ಪ್ರೀತಿಯ ಈ ಮಾತೇ ನಮ್ಮನ್ನು ಹೆಚ್ಚು ಹಾಳು ಮಾಡಿದೆ. ಹುಡುಗಿ ಸೈಕಲ್ಲಿನಿಂದ ಬಿದ್ದರೆ ಸೈಕಲ್ ಕಸಿದುಕೊಳ್ಳುತ್ತೇವೆ, ಹುಡುಗ ಬಿದ್ದರೆ ಗಾಯಕ್ಕೆ ಅರಿಶಿನ ಹಚ್ಚಿ ಮತ್ತೆ ಹತ್ತಿಸುತ್ತೇವೆ. ನನ್ನ ತಂಗಿಯ ಮಗಳು ಎಕರೆಗೆ ಮುನ್ನೂರು ರೂಪಾಯಿಯಂತೆ ಮೊದಲ ಹಂಗಾಮಿನಲ್ಲಿ ಗಳಿಸಿದ ದುಡ್ಡಿನಲ್ಲಿ ಮನೆಗೆ ಗ್ಯಾಸಿನ ಒಲೆ, ಮಗಳಿಗೆ ಶಾಲೆಯ ಫೀಸು ಬಂತು. ಗಂಡಸರು "ಏ ಹುಡುಗಿ" ಎನ್ನುತ್ತಿದ್ದವರು "ಪೈಲಟ್ ಮೇಡಂ, ನಾಳಿಗ್ ನಮ್ ಹೊಲ" ಎನ್ನತೊಡಗಿದ್ದರು. ಒಂದು ಇಳಿತ ತಪ್ಪಿತೆಂದು ಅದೆಲ್ಲ ಹಿಂದಕ್ಕೆ ಕೊಡಬೇಕೆ?

ಹದಿನೈದು ದಿನದ ತರಬೇತಿ ಕಾಲೇಜಿನ ಆಟದ ಮೈದಾನದಂತಹ ಬಯಲಿನಲ್ಲಿ ಆಗಿತ್ತು. ಬಿರುಕು ನೆಲದಲ್ಲಿ, ಆಳೆತ್ತರ ತೊಗರಿಯ ನಡುವೆ, ಕಾರ್ತಿಕದ ಗಾಳಿಯಲ್ಲಿ ಒಂದು ದಿನವಾದರೂ ಇಳಿಸಿ ತೋರಿಸಿದ್ದರೆ? ನಾನು ಬಿ.ಎಡ್. ಮಾಡುವಾಗ ಪಾಠ ಮಾಡುವುದನ್ನು ಖಾಲಿ ಕೋಣೆಯಲ್ಲಿ ಕಲಿಸಲಿಲ್ಲ, ಐವತ್ತು ಮಕ್ಕಳ ಗದ್ದಲದೊಳಗೆ ನಿಲ್ಲಿಸಿದರು. ಸಹಾಯಕ್ಕೆ ಕುಟುಂಬದ ಇನ್ನೊಬ್ಬರಿಗೂ ತರಬೇತಿ ಕೊಡುವ ವ್ಯವಸ್ಥೆ ಯೋಜನೆಯಲ್ಲಿ ಇದೆ, ಒಳ್ಳೆಯದೇ. ಆದರೆ ಹೊಲದಲ್ಲಿ ನಿಜವಾಗಿ ಪಕ್ಕದಲ್ಲಿ ನಿಲ್ಲುವವಳು ಕೊಡ ಹೊತ್ತವಳು. ಅವಳಿಗೆ ಯಾರೂ ಏನೂ ಹೇಳಿಕೊಡಲಿಲ್ಲ, ಕೂಲಿಯೂ ಇಲ್ಲ. ಯೋಜನೆಯ ಡ್ರೋನಿನ ಜೊತೆ ಬರುವ ವಿಮೆಯೂ ಒಂದು ವರ್ಷದ್ದು. ಎರಡನೆಯ ವರ್ಷ ವಿಮೆಯ ಕಂತು ಸಂಘದ ತಲೆಯ ಮೇಲೆ. ಸಂಘದಲ್ಲಿ ಹತ್ತು ಹೆಂಗಸರಿದ್ದರೆ ಬಿದ್ದ ವಿಮಾನ ಹತ್ತು ಮನೆಯ ಮೇಲೆ ಬಿದ್ದಂತೆ.

ಇಷ್ಟೆಲ್ಲ ಬಡಿದಾಡಿ ನಾನು ಬೇಡುವುದು ಬಹಳ ಹಳೆಯ ವಸ್ತು. ಕಣ. ನಾನು ಚಿಕ್ಕವಳಿದ್ದಾಗ ಅಫಜಲಪುರದ ನಮ್ಮ ಹೊಲದ ಮೂಲೆಯಲ್ಲಿ ಕಣವಿತ್ತು. ರಾಶಿಗೆ ಮುಂಚೆ ಅವ್ವ, ಅಜ್ಜಿ, ಓಣಿಯ ಹೆಂಗಸರೆಲ್ಲ ಸೇರಿ ನೆಲ ಕೆತ್ತಿ, ನೀರು ಹೊಡೆದು, ಬಡಿದು, ಸೆಗಣಿ ಸಾರಿಸುತ್ತಿದ್ದರು. ನಡುವೆ ಮೇಟಿ ಕಂಬ. ಕಣದೊಳಗೆ ಚಪ್ಪಲಿ ಮೆಟ್ಟಿ ಯಾರೂ ಕಾಲಿಡುವಂತಿರಲಿಲ್ಲ, ಮಕ್ಕಳು ಗೆರೆ ದಾಟಿದರೆ ಅಜ್ಜಿಯ ಕೈಯ ಬರಲು ಬೆನ್ನಿಗೆ ಬೀಳುತ್ತಿತ್ತು. ರಾಶಿ ಮಾಡುವ ಮಶೀನು ಬಂದ ಮೇಲೆ ಕಣಗಳು ಹೋದವು, ಆ ಮೂಲೆಗೂ ತೊಗರಿ ಬಂತು. ಡ್ರೋನಿಗೆ ಬೇಕಾದದ್ದು ಅದೇ. ಸಮನಾದ, ಗಟ್ಟಿಯಾದ, ಧೂಳೇಳದ ನೆಲ, ತಂತಿಯಿಂದ ದೂರ, ಸುತ್ತ ಯಾರೂ ದಾಟಬಾರದ ಗೆರೆ. ಔಷಧ ಹೊಡೆಸುವ ಹೊಲದವನೇ ಅದನ್ನು ಮಾಡಿಕೊಡಬೇಕು, ಕಣವಿಲ್ಲದ ಹೊಲಕ್ಕೆ ಡ್ರೋನು ಏರದು ಎಂದು ಸಂಘಗಳು ನಿಲ್ಲಬೇಕು, ಊರಿನ ಜೋತುಬಿದ್ದ ತಂತಿಗಳೆಲ್ಲಿವೆ ಎಂದು ಗ್ರಾಮ ಪಂಚಾಯಿತಿ ಬರೆದಿಟ್ಟುಕೊಳ್ಳಬೇಕು. ಇದಕ್ಕೆ ಸಾವಿರ ಕೋಟಿ ಬೇಡ.

ಕಳೆದ ಎಳ್ಳ ಅಮಾವಾಸ್ಯೆಗೆ ಜೇವರ್ಗಿಗೆ ಹೋಗಿದ್ದೆ. ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಉಂಡು ಕೂತಾಗ ಪಕ್ಕದ ಹೊಲದ ಯಜಮಾನ ಬಂದ. ಆ ಬಂಡಿ ದಾರಿ ಅವನ ಹೊಲದ್ದು, ಅಪಘಾತವಾದದ್ದೂ ಅಲ್ಲೇ. ಮುಂದಿನ ವರ್ಷ ಮೂಲೆಯಲ್ಲಿ ಕಣ ಬಿಡಬೇಕೆಂದು ನಾನೇ ಮಾತು ತೆಗೆದೆ. "ಟೀಚರ್, ನೆಲ ಬೀಳು ಬಿಟ್ರ ಎಷ್ಟ್ ಲುಕ್ಸಾನ ಆಗ್ತದ ಗೊತ್ತದೇನ್ರಿ?" ಎಂದ. ಗೊತ್ತಿತ್ತು. ಹಿಂದಿನ ರಾತ್ರಿಯೇ ಲೆಕ್ಕ ಹಾಕಿದ್ದೆ. ಐದು ಮೀಟರ್ ಉದ್ದ ಐದು ಮೀಟರ್ ಅಗಲ ಎಂದರೆ 25 ಚದರ ಮೀಟರ್. ಎಕರೆಗೆ 4,047. ಎಕರೆಗೆ ಐದು ಕ್ವಿಂಟಲ್ ತೊಗರಿ ಎಂದು ಹಿಡಿದರೆ ಆ ಜಾಗದ ಬೆಳೆ ಮೂರು ಕಿಲೋ. "ಮೂರ್ ಕಿಲೋ ಆಗ್ತದ್ರಿ" ಎಂದೆ. ಅವನು ತಲೆ ಕೆರೆದುಕೊಂಡ, ನೋಡೋಣು ಎಂದ.

ಕಾಲು ಚಾಚಿ ಕೂತಿದ್ದ ಹುಡುಗಿಯ ಅತ್ತೆ ಅಷ್ಟು ಹೊತ್ತೂ ಮಾತಾಡಿರಲಿಲ್ಲ. ಸೀರೆಯ ಅಂಚಿನ ಕೆಳಗೆ ಹೊಲಿಗೆಯ ಕಲೆ ಕಾಣುತ್ತಿತ್ತು. ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿ ಅವಳು ಅಂದಳು: "ಮೂರ್ ಕಿಲೋ ನಾ ಅಳದ್ ಕೊಡ್ತೀನಿ, ಸಾರಿಸೂದೂ ನಾನೇ ಸಾರಿಸ್ತೀನಿ. ನೀ ಜಾಗಾ ಬಿಡು."